ನೆಬೋ ಬೆಟ್ಟದಲ್ಲಿ ಒಂದು ಹೆಸರು

ನನ್ನ ಹೆಂಡತಿ ತೀರಿಕೊಂಡು ವರ್ಷ ತುಂಬುವ ದಿನ ಶುಕ್ರವಾರ ಬಂದಿತ್ತು. ಕ್ಯಾಲೆಂಡರಿನಲ್ಲಿ ಅದನ್ನು ನೋಡಿದಾಗ ನನಗೆ ಒಂದು ಬಗೆಯ ಸಮಾಧಾನವಾಯಿತು. ಸೌದಿಯಲ್ಲಿ ವಾರದ ರಜೆ ಶುಕ್ರವಾರವೇ, ಹಿಂದಿನ ದಿನ ಗುರುವಾರ, ಮರುದಿನ ಶನಿವಾರ, ಎರಡು ದಿನ ರಜೆ ಸಿಕ್ಕಿದರೆ ಸಾಕು, ನಾನಿರುವ ಬುರೈದಾದಿಂದ ಜೋರ್ಡಾನಿನ ನೆಬೋ ಬೆಟ್ಟಕ್ಕೆ ಹೋಗಿ ಬರಬಹುದು. ಆ ಬೆಟ್ಟದ ಮೇಲೆ ಒಂದು ಹಳೆಯ ಚರ್ಚ್ ಇದೆ. ಅದೇ ದಿನ, ಅದೇ ಚರ್ಚಿನಲ್ಲಿ ಅವಳ ಹೆಸರಿನಲ್ಲಿ ಒಂದು ಪೂಜೆ ಆಗಬೇಕು, ಪಾದ್ರಿಯ ಬಾಯಿಂದ ಅವಳ ಹೆಸರು ಗಟ್ಟಿಯಾಗಿ ಬರಬೇಕು ಎಂಬುದು ನನ್ನ ಆಸೆಯಾಗಿತ್ತು. ಆಸೆ ಎನ್ನುವುದಕ್ಕಿಂತ ಬಾಕಿ ಉಳಿದ ಕೆಲಸ ಎಂದರೆ ಸರಿ. ಅವಳು ಇದ್ದಾಗ ಆ ಬೆಟ್ಟಕ್ಕೆ ಹೋಗೋಣ ಎಂದು ಎಂಟು ವರ್ಷ ಕೇಳಿದ್ದಳು, ಎಂಟು ವರ್ಷವೂ ನಾನು ಮುಂದಿನ ಈದ್ ರಜೆಗೆ ನೋಡೋಣ ಎಂದಿದ್ದೆ.

ನಾನು ಟೈಲ್ಸ್ ಕೆಲಸದವನು. ಉಡುಪಿಯ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿ, ಮಾವನ ಜೊತೆ ನೆಲ ಹಾಕುವುದನ್ನು ಕಲಿತು, ಇಪ್ಪತ್ತೆರಡು ವರ್ಷಗಳ ಹಿಂದೆ ಸೌದಿಗೆ ಬಂದೆ. ಮನೆಯಲ್ಲಿ ನಾವು ಆಡುವುದು ಕೊಂಕಣಿ, ಆದರೆ ಬರೆಯಲು ನನಗೆ ಬರುವುದು ಕನ್ನಡ ಮಾತ್ರ. ಈಗ ನನ್ನ ಕೈ ಕೆಳಗೆ ಒಂಬತ್ತು ಜನ ಇದ್ದಾರೆ, ನನ್ನನ್ನು ಮುಅಲ್ಲಿಂ ಎಂದು ಕರೆಯುತ್ತಾರೆ. ಊರಿನಲ್ಲಾದರೆ ಮೇಸ್ತ್ರಿ ಎನ್ನುತ್ತಿದ್ದರು. ಅವಳು ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ನನಗಿಂತ ಹೆಚ್ಚು ಓದಿದವಳು, ನನಗಿಂತ ಚೆನ್ನಾಗಿ ಅರಬಿ ಮಾತಾಡುತ್ತಿದ್ದಳು. ಅವಳ ಕೆಲಸದ ಮೇಲೆ ಸಿಕ್ಕ ಕ್ವಾರ್ಟರ್ಸಿನಲ್ಲಿ ನಾವು ಮೂವರು ಇದ್ದೆವು. ಮಗಳು ಹನ್ನೆರಡನೆಯ ತರಗತಿ ಮುಗಿಸಿ ಮಂಗಳೂರಿಗೆ ಓದಲು ಹೋದ ಮೇಲೆ ಇಬ್ಬರಾದೆವು.

ಹೆಂಡತಿ ಹೋದದ್ದು ಎರಡೇ ದಿನದಲ್ಲಿ. ಡ್ಯೂಟಿಯಲ್ಲಿದ್ದಾಗಲೇ ತಲೆನೋವು ಎಂದು ಕುಳಿತಳಂತೆ. ತಲೆಯೊಳಗೆ ರಕ್ತನಾಳ ಒಡೆದಿತ್ತು. ಅವಳ ಜೊತೆಯವರೇ ಅವಳನ್ನು ನೋಡಿಕೊಂಡರು, ಯಾರೂ ಏನೂ ಕಡಿಮೆ ಮಾಡಲಿಲ್ಲ. ಆಮೇಲೆ ಕಾಗದಪತ್ರಗಳ ಓಡಾಟ, ಪೆಟ್ಟಿಗೆ, ವಿಮಾನ, ಊರಿನ ಚರ್ಚಿನ ಸಿಮಿತ್ರಿಯಲ್ಲಿ ಅವಳ ಅಪ್ಪ ಅಮ್ಮನ ಪಕ್ಕದಲ್ಲಿ ಜಾಗ. ಮಗಳನ್ನು ಹಾಸ್ಟೆಲಿಗೆ ಬಿಟ್ಟು ನಾನು ಹಿಂದಿರುಗಿದೆ. ಕ್ವಾರ್ಟರ್ಸ್ ಬಿಡಬೇಕಿತ್ತು, ನಿಯಮ ಅದೇ. ಆಸ್ಪತ್ರೆಯವರು ಒಂದು ತಿಂಗಳು ಹೆಚ್ಚೇ ಕೊಟ್ಟರು. ಬಿಡುವ ಮುನ್ನ ಅಡುಗೆಮನೆಯ ನೆಲವನ್ನು ಒರೆಸಿದೆ. ಅದು ನಾನೇ ಹಾಕಿದ ನೆಲ. ಮೊದಲು ಇದ್ದ ಟೈಲ್ಸ್ ಜಾರುತ್ತದೆ ಎಂದು ಅವಳು ದೂರಿದ್ದಕ್ಕೆ, ಒಂದು ಸೈಟಿನಲ್ಲಿ ಉಳಿದ ಒರಟು ಟೈಲ್ಸ್ ತಂದು ಎರಡು ರಜೆಯ ದಿನ ಕೂತು ಹಾಕಿಕೊಟ್ಟಿದ್ದೆ. ಬಣ್ಣ ಸರಿಹೊಂದದೆ ಒಲೆಯ ಹತ್ತಿರ ನಾಲ್ಕು ಬೇರೆಯಾಗಿ ಕಾಣುತ್ತಿದ್ದವು. "ಇರಲಿ, ಅಲ್ಲಿ ನಿಂತರೆ ನನ್ನ ಜಾಗ ಇದು ಅಂತ ಗೊತ್ತಾಗ್ತದೆ," ಎಂದಿದ್ದಳು.

ಈಗ ನಾನು ಕಂಪನಿಯ ರೂಮಿನಲ್ಲಿ ಇದ್ದೇನೆ. ನಾಲ್ಕು ಮಂಚ, ನಾಲ್ಕು ಬೀರು, ಒಂದು ಫ್ರಿಜ್. ಜೊತೆಯವರು ಒಳ್ಳೆಯವರು. ಆದರೆ ಅಲ್ಲಿ ಯಾರಿಗೂ ಅವಳು ಗೊತ್ತಿಲ್ಲ. ವರ್ಷವಿಡೀ ನನ್ನ ಕಿವಿಗೆ ಅವಳ ಹೆಸರು ಬಿದ್ದದ್ದು ಕೆಲವೇ ಸಲ, ಅದೂ ಬ್ಯಾಂಕಿನಲ್ಲಿ, ಪಾಸ್‌ಪೋರ್ಟ್ ಕಚೇರಿಯಲ್ಲಿ, ಫಾರಂ ತುಂಬುವಾಗ. ಮಗಳು ಮಮ್ಮಿ ಎನ್ನುತ್ತಾಳೆ. ಊರಿನವರು "ಅವಳು" ಎನ್ನುತ್ತಾರೆ, ಆಮೇಲೆ ಮಾತು ಬದಲಿಸುತ್ತಾರೆ.

ನೆಬೋ ಬೆಟ್ಟದ ವಿಷಯ ಅವಳಿಗೆ ತಿಳಿದದ್ದು ವಾರ್ಡಿನಲ್ಲಿದ್ದ ಒಬ್ಬ ಜೋರ್ಡಾನಿ ನರ್ಸಿನಿಂದ. ಆಕೆ ಮಾದಬಾ ಎಂಬ ಊರಿನ ಕ್ರೈಸ್ತಳು. ಅವರ ಊರಿನ ಒಂದು ಚರ್ಚಿನ ನೆಲದಲ್ಲಿ ಬಣ್ಣದ ಕಲ್ಲಿನ ಚೂರುಗಳನ್ನು ಜೋಡಿಸಿ ಇಡೀ ಪುಣ್ಯಭೂಮಿಯ ನಕ್ಷೆಯನ್ನೇ ಮಾಡಿದ್ದಾರಂತೆ. ಅಲ್ಲಿಂದ ಸ್ವಲ್ಪ ದೂರ ಹೋದರೆ ನೆಬೋ. ಮೋಶೆಯನ್ನು ದೇವರು ಆ ಬೆಟ್ಟಕ್ಕೆ ಹತ್ತಿಸಿ, ಕೆಳಗಿನ ದೇಶವನ್ನು ತೋರಿಸಿ, ನೋಡಬಹುದು ಆದರೆ ನೀನು ಒಳಗೆ ಹೋಗುವುದಿಲ್ಲ ಎಂದದ್ದು ಅಲ್ಲೇ. ಮೋಶೆ ಸತ್ತದ್ದೂ ಅಲ್ಲೇ. ಸಮಾಧಿ ಎಲ್ಲಿದೆ ಎಂದು ಯಾರಿಗೂ ತಿಳಿಯದು ಎಂದು ಬೈಬಲಿನಲ್ಲಿ ಇದೆ. ಆದರೂ ಸಾವಿರದ ಆರುನೂರು ವರ್ಷಗಳಿಗಿಂತ ಹಿಂದೆ ಸನ್ಯಾಸಿಗಳು ಅಲ್ಲಿ ಒಂದು ಸಣ್ಣ ಚರ್ಚ್ ಕಟ್ಟಿದರು. ಪಶ್ಚಿಮದ ಯಾವುದೋ ದೂರದ ದೇಶದಿಂದ ಒಬ್ಬ ಹೆಂಗಸು ಆ ಕಾಲದಲ್ಲೇ ಯಾತ್ರೆಗೆ ಬಂದು, ಸಮಾಧಿ ಇದೇ ಎಂದು ನಿಮಗೆ ಹೇಗೆ ಗೊತ್ತು ಎಂದು ಸನ್ಯಾಸಿಗಳನ್ನು ಕೇಳಿ, ಕಂಡದ್ದನ್ನೆಲ್ಲ ತನ್ನ ಊರಿನ ಅಕ್ಕತಂಗಿಯರಿಗೆ ಬರೆದು ತಿಳಿಸಿದಳಂತೆ. ಈ ಸಂಗತಿ ನನ್ನ ಹೆಂಡತಿಗೆ ಬಹಳ ಹಿಡಿಸಿತ್ತು. "ನೋಡಿ, ಆಗ ಒಂದು ಹೆಂಗಸು ನಡೆದು ಬಂದಿದ್ದಾಳೆ, ನಮಗೆ ಕಾರು ಇದ್ದೂ ಆಗುವುದಿಲ್ಲ," ಎಂದು ಚುಚ್ಚುತ್ತಿದ್ದಳು.

ಮುಂದೆ ಆ ಚರ್ಚ್ ದೊಡ್ಡದಾಯಿತು, ನೆಲಕ್ಕೆಲ್ಲ ಕಲ್ಲಿನ ಚಿತ್ರಗಳು ಬಂದವು. ಆಮೇಲೆ ಸನ್ಯಾಸಿಗಳು ಹೋದರು, ಗೋಡೆ ಬಿತ್ತು, ಶತಮಾನಗಳ ಕಾಲ ಬರೇ ಕಲ್ಲಿನ ರಾಶಿ. ಕಳೆದ ಶತಮಾನದಲ್ಲಿ ಬೇರೆ ಸನ್ಯಾಸಿಗಳು ಬಂದು ಬೆಟ್ಟವನ್ನು ಕೊಂಡು, ಅಗೆದು ನೋಡಿದಾಗ ನೆಲ ಹಾಗೆಯೇ ಇತ್ತು. ಆ ನೆಲದ ಒಂದು ಚಿತ್ರವನ್ನು ಜೋರ್ಡಾನಿ ನರ್ಸ್ ತಂದುಕೊಟ್ಟಿದ್ದಳು. ಕಪ್ಪು ಮೈಬಣ್ಣದ ಮನುಷ್ಯನೊಬ್ಬ ಉಷ್ಟ್ರಪಕ್ಷಿಯನ್ನು ಹಗ್ಗ ಹಾಕಿ ಹಿಡಿದಿರುವುದು. ಅದನ್ನು ನೋಡಬೇಕು ಎಂದು ನನ್ನವಳು ಹೇಳಿದಾಗ ನಾನು ಕೊಟ್ಟ ಉತ್ತರ ಈಗಲೂ ಕಿವಿಯಲ್ಲಿದೆ. "ಕಲ್ಲು ನೋಡಲು ಅಷ್ಟು ದೂರ ಹೋಗಬೇಕಾ? ವಾರವಿಡೀ ನಾನು ನೋಡುವುದು ಅದನ್ನೇ ಅಲ್ವಾ?"

ಅವಳು ನಕ್ಕಿದ್ದಳು. ಬೇಸರ ಮಾಡಿಕೊಂಡಿದ್ದರೆ ಒಳ್ಳೆಯದಿತ್ತು.

ರಜೆ ಕೇಳಲು ಕಫೀಲನ, ಅಂದರೆ ನನ್ನನ್ನು ಕೆಲಸಕ್ಕೆ ಕರೆಸಿಕೊಂಡ ಯಜಮಾನನ, ಬಳಿ ಹೋದೆ. ಇಲ್ಲಿ ವಾಸಿಸುವ ಪರವಾನಗಿ, ನನ್ನ ಇಕಾಮಾ, ಇರುವುದು ಅವನ ಹೆಸರಿನಲ್ಲಿ, ದೇಶ ಬಿಟ್ಟು ಹೋಗಿ ಬರುವ ಕಾಗದವನ್ನು ಅವನೇ ಮಾಡಿಸಬೇಕು. ಅವನು ವಯಸ್ಸಾದವನು, ಖರ್ಜೂರದ ತೋಟ ಇರುವವನು.

"ಜೋರ್ಡಾನಿನಲ್ಲಿ ನಿನಗೆ ಯಾರಿದ್ದಾರೆ?" ಎಂದು ಕೇಳಿದ.

"ಯಾರೂ ಇಲ್ಲ. ಹೆಂಡತಿಯ ವರ್ಷ. ಅಲ್ಲಿ ಮೂಸಾ ಪ್ರವಾದಿಯ ಬೆಟ್ಟ ಇದೆ. ಅಲ್ಲಿ ಪ್ರಾರ್ಥನೆ ಮಾಡಿಸಬೇಕು."

"ಮೂಸಾ ನಮ್ಮವರೂ ಹೌದು," ಎಂದ. "ದೇವರು ಅವಳಿಗೆ ಕರುಣೆ ತೋರಲಿ. ಹೋಗು. ಆದರೆ ಶನಿವಾರ ಸಂಜೆ ಇಲ್ಲಿ ಇರಬೇಕು, ಭಾನುವಾರ ಆ ವಿಲ್ಲಾದ ನೆಲ ಶುರುವಾಗಬೇಕು." ಎದ್ದು ಹೋಗಿ ಒಂದು ಡಬ್ಬ ಖರ್ಜೂರ ತಂದು ಕೈಯಲ್ಲಿ ಇಟ್ಟ.

ಕಾರು ನನ್ನದಲ್ಲ. ನಮ್ಮದನ್ನು ಮಾರಿಬಿಟ್ಟಿದ್ದೆ. ಕಾರ್ಕಳದ ಕಡೆಯ ಒಬ್ಬ ಎಸಿ ಮೆಕ್ಯಾನಿಕ್ ಇದ್ದಾನೆ, ನನಗಿಂತ ಹತ್ತು ವರ್ಷ ಚಿಕ್ಕವನು. ಹಬ್ಬದ ದಿನ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದವನು. ನಮ್ಮ ಕಡೆ ತುಳುವರು ಕ್ರೈಸ್ತ ಗಂಡಸರನ್ನು ಪೊರ್ಬುಗಳು ಎಂದೂ ಹೆಂಗಸರನ್ನು ಬಾಯಮ್ಮ ಎಂದೂ ಕರೆಯುವುದು ರೂಢಿ, ಅವನೂ ಹಾಗೆಯೇ ಕರೆಯುತ್ತಿದ್ದ. ಬಸ್ಸಿನಲ್ಲಿ ಹೋಗುತ್ತೇನೆ ಎಂದದ್ದಕ್ಕೆ ಬೈದ.

"ಎಂತ ಪೊರ್ಬುಗಳೇ, ನನ್ನ ಗಾಡಿ ಎಂತಕ್ಕೆ ಇರೂದು? ಬಾಯಮ್ಮ ಎಷ್ಟು ಸಲ ಬಡಿಸಿದ್ದಾರೆ ನನಗೆ. ಈ ಹಂದಿಮಾಂಸ ಸಿಗದ ಊರಲ್ಲಿ ಕೋಳಿಯಲ್ಲೇ ನಿಮ್ಮ ಹಬ್ಬದ ಸಾರು ಮಾಡಿ, ಇದು ಬಫಾತ್ ಅಂತ ತಿಳ್ಕೊಂಡು ತಿನ್ನು ಅಂತಿದ್ದರು. ನಾನು ಬರ್ತೇನೆ. ಮಾತಾಡ್ಬೇಡಿ."

ಗುರುವಾರ ಬೆಳಿಗ್ಗೆ ಹೊರಟೆವು. ಹಾಯಿಲ್ ದಾಟಿದ ಮೇಲೆ ರಸ್ತೆ ನೇರ, ಎರಡೂ ಕಡೆ ಏನೂ ಇಲ್ಲ. ಅವನು ಸುಮ್ಮನಿರುವವನಲ್ಲ. ಮೋಶೆಯ ಕತೆ ಹೇಳಿ ಎಂದ. ಅವಳು ನನಗೆ ಹೇಳಿದ್ದನ್ನೇ ಹೇಳಿದೆ. ದಾಸ್ಯದಿಂದ ಜನರನ್ನು ಬಿಡಿಸಿಕೊಂಡು ನಲವತ್ತು ವರ್ಷ ಮರಳುಗಾಡಿನಲ್ಲಿ ನಡೆಸಿದ, ಕೊನೆಗೆ ಬೆಟ್ಟದ ಮೇಲಿಂದ ನೋಡಿದ್ದಷ್ಟೇ.

"ಇದು ನಮ್ಮ ಕಂಪನಿಯ ಕತೆಯೇ ಮಾರಾಯ್ರೇ," ಎಂದ. "ನಲವತ್ತು ವರ್ಷ ಮರಳಲ್ಲಿ ದುಡಿಸಿ, ಬಾರ್ಡರಿಗೆ ಬಂದಾಗ ವೀಸಾ ಇಲ್ಲ ಅಂತ!"

ನನಗೆ ನಗು ಬಂತು. ನಕ್ಕ ಮೇಲೆ ಹಿಂದಿನ ಸೀಟಿನ ಕಡೆ ತಿರುಗಿ ನೋಡಿದೆ, ಅವಳೂ ನಕ್ಕಳೇ ಎಂದು. ಅಲ್ಲಿ ನೀರಿನ ಕ್ಯಾನ್ ಮತ್ತು ಅವನ ಸ್ಪಾನರಿನ ಪೆಟ್ಟಿಗೆ ಇದ್ದವು.

ರಾತ್ರಿ ಗಡಿಗೆ ಹತ್ತಿರದ ತಬೂಕಿನಲ್ಲಿ ಅವನ ಪರಿಚಯದವರ ರೂಮಿನಲ್ಲಿ ಮಲಗಿದೆವು. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಹೊರಡುವುದು ಎಂದು ಮಾತಾಗಿತ್ತು. ಎದ್ದದ್ದು ತಡ, ನಾಷ್ಟಾ ತಡ. ನಾನೂ ಅವಸರ ಮಾಡಲಿಲ್ಲ. ಗಡಿಯಲ್ಲಿ ಗಾಡಿಯ ಕಾಗದ, ವಿಮೆ ಎಂದು ಎರಡು ಗಂಟೆಗೂ ಹೆಚ್ಚು ಹೋಯಿತು. ಜೋರ್ಡಾನಿನ ಒಳಗೆ ಬಂದ ಮೇಲೆ ಅವನು ಆಕಳಿಸುತ್ತಿದ್ದ. ರಸ್ತೆಯ ಬದಿಯ ಒಂದು ಚಹಾದಂಗಡಿಯ ನೆರಳಿನಲ್ಲಿ ಗಾಡಿ ನಿಲ್ಲಿಸಿ ಒಂದು ನಿದ್ದೆ ತೆಗೆ ಎಂದು ನಾನೇ ಹೇಳಿದೆ.

"ನಿಮ್ಮ ಪೂಜೆಗೆ ತಡ ಆಗ್ಲಿಕ್ಕಿಲ್ವಾ?" ಎಂದು ಕೇಳಿದ.

"ಇವತ್ತು ಶುಕ್ರವಾರ ಅಲ್ವಾ? ಸಂಜೆಯವರೆಗೂ ಒಂದರ ಹಿಂದೆ ಒಂದು ಪೂಜೆ ಇರ್ತದೆ. ನೀನು ಮಲಗು."

ಅವನು ಒಂದೂವರೆ ಗಂಟೆ ಮಲಗಿದ. ನಾನು ಚಹಾ ಕುಡಿಯುತ್ತ ಕುಳಿತೆ. ಜೇಬಿನಲ್ಲಿ ಒಂದು ಚೀಟಿ ಇತ್ತು. ಊರಿನಲ್ಲಿ ಪೂಜೆ ಹೇಳಿಸಬೇಕಾದರೆ ಚರ್ಚಿನ ಆಫೀಸಿಗೆ ಹೋಗಿ, ಯಾರ ಆತ್ಮಕ್ಕೆ ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಆಯಿತು. ನಾನೂ ಹಾಗೆಯೇ ಅವಳ ಪೂರ್ತಿ ಹೆಸರು, ಅಪ್ಪನ ಹೆಸರು, ಊರು ಬರೆದು ತಂದಿದ್ದೆ.

ನಾನು ಮಾಡಿದ ತಪ್ಪನ್ನು ಊರಿನಲ್ಲಿ ಇದ್ದವರು ಮಾಡುತ್ತಿರಲಿಲ್ಲ. ಸೌದಿಯಲ್ಲಿ ಚರ್ಚ್ ಇಲ್ಲ. ವರ್ಷಕ್ಕೊಮ್ಮೆಯೋ ಎರಡು ಸಲವೋ ಸೇತುವೆ ದಾಟಿ ಬಹರೈನಿಗೆ ಹೋಗುತ್ತಿದ್ದೆವು. ಅಲ್ಲಿ ವಾರದ ರಜೆ ಶುಕ್ರವಾರವಾದ್ದರಿಂದ ಭಾನುವಾರದ ಪೂಜೆಯನ್ನು ಶುಕ್ರವಾರವೇ ಹೇಳುತ್ತಾರೆ. ಬೆಳಿಗ್ಗೆಯಿಂದ ಸಂಜೆಯವರೆಗೆ, ಕೊಂಕಣಿಯಲ್ಲಿ, ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ. ಬುರೈದಾದ ಮನೆಯಲ್ಲೂ ಶುಕ್ರವಾರ ಬೆಳಿಗ್ಗೆ ಅವಳು ಒಳ್ಳೆಯ ಬಟ್ಟೆ ಉಟ್ಟು, ಫೋನಿನಲ್ಲಿ ಹಿಂದಿನ ಭಾನುವಾರದ ಪೂಜೆ ಹಾಕುತ್ತಿದ್ದಳು. ಇಪ್ಪತ್ತೆರಡು ವರ್ಷ ನನಗೆ ಶುಕ್ರವಾರವೇ ದೇವರ ದಿನವಾಗಿತ್ತು. ಲೋಕದ ಎಲ್ಲ ಚರ್ಚುಗಳಲ್ಲೂ ಹಾಗಲ್ಲ ಎಂಬುದು, ನಾನು ಹುಟ್ಟಿ ಬೆಳೆದ ಊರಿನಲ್ಲೇ ಹಾಗಲ್ಲ ಎಂಬುದು, ಆ ದಿನ ನನ್ನ ತಲೆಗೆ ಹೊಳೆಯಲೇ ಇಲ್ಲ.

ಬೆಟ್ಟ ಹತ್ತಿದಾಗ ಬಾಗಿಲು ಹಾಕಲು ಇನ್ನು ಒಂದು ಗಂಟೆ ಉಳಿದಿತ್ತು. ಗೇಟಿನ ಕಾವಲುಗಾರ ಟಿಕೆಟ್ ಹರಿದುಕೊಟ್ಟ. ಪೂಜೆ ಎಷ್ಟು ಗಂಟೆಗೆ ಎಂದು ಅರಬಿಯಲ್ಲಿ ಕೇಳಿದೆ.

"ಯಾವ ಪೂಜೆ?" ಎಂದ. "ಇವತ್ತು ಜುಮಾ. ಪೂಜೆ ಬೇಕಾದರೆ ಭಾನುವಾರ ಬಾ, ಕೆಳಗೆ ಪಟ್ಟಣದಲ್ಲಿ. ಇಲ್ಲಿ ಗುಂಪಿನವರು ತಮ್ಮ ಪಾದ್ರಿಯನ್ನು ತಾವೇ ಕರೆದುಕೊಂಡು ಬರುತ್ತಾರೆ. ನಿನ್ನ ಗುಂಪು ಎಲ್ಲಿ?"

ಭಾನುವಾರದವರೆಗೆ ನಿಲ್ಲುವಂತಿರಲಿಲ್ಲ. ಗೆಳೆಯ ಗಾಡಿಯ ಹತ್ತಿರವೇ ಉಳಿದಿದ್ದ, ನೀವು ಹೋಗಿ, ಇದು ನಿಮ್ಮಿಬ್ಬರ ಕೆಲಸ ಎಂದಿದ್ದ. ಅವನಿಗೆ ಹೋಗಿ ಹೇಳಲೂ ನಾಚಿಕೆಯಾಯಿತು. ಮರಗಳ ನಡುವಿನ ದಾರಿಯಲ್ಲಿ ನಡೆದೆ. ಬೆಟ್ಟದ ತುದಿಯಲ್ಲಿ ಜನ ಕಟ್ಟೆಗೆ ಒರಗಿ ಕೆಳಗೆ ಕೈ ತೋರಿಸುತ್ತಿದ್ದರು. ಧೂಳಿನ ಮಬ್ಬು, ಅದರ ಕೆಳಗೆ ಸೀಸದ ಬಣ್ಣದ ನೀರಿನ ಒಂದು ತುಂಡು. ಮೃತ ಸಮುದ್ರ ಇರಬೇಕು. ಮೋಶೆ ನೋಡಿದ ದೇಶ ನನಗೆ ಕಾಣಲಿಲ್ಲ. ಒಂದೂವರೆ ಗಂಟೆ. ನಿದ್ದೆಯ ಆ ಒಂದೂವರೆ ಗಂಟೆ, ನಾಷ್ಟಾದ ಅರ್ಧ ಗಂಟೆ. ಬೇಗ ಬಂದಿದ್ದರೂ ಪೂಜೆ ಇರುತ್ತಿತ್ತೋ ಇಲ್ಲವೋ, ಆದರೆ ಯಾರನ್ನಾದರೂ ಹುಡುಕಬಹುದಿತ್ತು. ಎಂಟು ವರ್ಷ ತಡ ಮಾಡಿದವನು ಕೊನೆಯ ದಿನವೂ ತಡ ಮಾಡಿದೆ.

ಚರ್ಚಿನೊಳಗೆ ಹೋದೆ. ಹಳೆಯ ಗೋಡೆ ಕಂಬಗಳನ್ನು ಒಳಗಿಟ್ಟುಕೊಂಡು ಮೇಲೆ ಹೊಸ ಮಾಡು ಕಟ್ಟಿದ್ದಾರೆ. ಮುಂದೆ ಬಲಿಪೀಠದ ಬಳಿ ಬಿಳಿಯ ಜನರ ಒಂದು ಗುಂಪು ಚೀಲ ಎತ್ತಿಕೊಳ್ಳುತ್ತಿತ್ತು. ಅವರ ಪಾದ್ರಿ, ಕೆಂಪು ಮುಖದ ಮುದುಕ, ನಿಲುವಂಗಿಯನ್ನು ತಲೆಯ ಮೇಲಿಂದ ತೆಗೆಯುತ್ತಿದ್ದ. ಅವರ ಪೂಜೆ ಆಗಷ್ಟೇ ಮುಗಿದಿತ್ತು. ಹೋಗಿ ಮಾತಾಡಿಸಬೇಕು ಎಂದು ಎರಡು ಹೆಜ್ಜೆ ಇಟ್ಟೆ. ಆಗಲಿಲ್ಲ. ಅವಳಿದ್ದರೆ ಮಾತಾಡುತ್ತಿದ್ದಳು. ನನ್ನ ಪರವಾಗಿ ಜನರ ಜೊತೆ ಮಾತಾಡುತ್ತಿದ್ದವಳೇ ಅವಳು. ಮೇಲಾಗಿ ಮುಗಿದ ಪೂಜೆಯನ್ನು ಇನ್ನೊಮ್ಮೆ ಹೇಳಿ ಎಂದು ಕೇಳುವುದು ಹೇಗೆ?

ಬದಿಯ ಕೋಣೆಯಲ್ಲಿ, ಹಗ್ಗ ಕಟ್ಟಿದ ಆಚೆ, ತಗ್ಗಿನಲ್ಲಿ ಆ ನೆಲ ಇತ್ತು.

ಅವಳು ತೋರಿಸಿದ ಚಿತ್ರದಲ್ಲಿ ಅದು ಅಂಗೈಯಷ್ಟಿತ್ತು. ಇಲ್ಲಿ ಒಂದು ದೊಡ್ಡ ಹಾಲಿನಷ್ಟು. ಮೇಲಿನ ಸಾಲಿನಲ್ಲಿ ಈಟಿ ಹಿಡಿದು ಸಿಂಹವನ್ನು ತಿವಿಯುವವರು, ಅದರ ಕೆಳಗೆ ಕುದುರೆಯ ಮೇಲಿನ ಬೇಟೆಗಾರರು, ಮರದ ಕೆಳಗೆ ಕುಳಿತು ಆಡು ಕುರಿ ಕಾಯುವವನು, ಕೊನೆಯ ಸಾಲಿನಲ್ಲಿ ಉಷ್ಟ್ರಪಕ್ಷಿಯನ್ನು ಹಿಡಿದ ಮನುಷ್ಯ. ಅವನ ಪಕ್ಕದಲ್ಲಿ ಇನ್ನೊಬ್ಬ, ಪಟ್ಟೆ ಕುದುರೆಯೊಂದನ್ನೂ ಮೈಮೇಲೆ ಚುಕ್ಕೆಗಳಿರುವ ಒಂಟೆಯೊಂದನ್ನೂ ಎಳೆದು ತರುತ್ತಿದ್ದಾನೆ. ಅದು ಜಿರಾಫೆ ಇರಬೇಕು. ಮಾಡಿದವನು ಜಿರಾಫೆಯನ್ನು ಕಂಡಿರಲಿಲ್ಲ, ಯಾರೋ ಹೇಳಿದ್ದನ್ನು ಕೇಳಿ ತನಗೆ ಗೊತ್ತಿದ್ದ ಒಂಟೆಗೆ ಚುಕ್ಕೆ ಹಾಕಿದ್ದಾನೆ. ಒಂದೊಂದು ಕಲ್ಲೂ ಉಗುರಿಗಿಂತ ಚಿಕ್ಕದು. ಸಿಮೆಂಟಿಲ್ಲ, ಸುಣ್ಣದ ಗಾರೆ. ಮಟ್ಟ ನೋಡಲು ಕುಕ್ಕರುಗಾಲಲ್ಲಿ ಕೂತೆ. ಈಗಿನ ಯಂತ್ರ ಇಟ್ಟು ಹಾಕಿದ ನೆಲವೂ ಇಷ್ಟು ಸರಿ ಇರುವುದಿಲ್ಲ. ಕೈ ತಾನೇ ಹೋಯಿತು. ಟೈಲ್ಸ್ ಹಾಕುವವರಿಗೆ ಒಂದು ಚಟ ಇರುತ್ತದೆ, ಯಾರ ಮನೆಗೆ ಹೋದರೂ ನೆಲವನ್ನು ಬೆರಳ ಗೆಣ್ಣಿನಿಂದ ತಟ್ಟಿ ಕೆಳಗೆ ಟೊಳ್ಳಿದೆಯೇ ಎಂದು ಕೇಳಿ ನೋಡುವುದು. ಹಗ್ಗದ ಕೆಳಗಿಂದ ಕೈ ಚಾಚಿ ಅಂಚಿನ ಕಲ್ಲನ್ನು ಎರಡು ಸಲ ತಟ್ಟಿದೆ.

"ಏಯ್! ಮುಟ್ಟಬೇಡ!" ಒಳಗಿನ ಕಾವಲುಗಾರ ಓಡಿ ಬಂದ. ಮೀಸೆಯವನು, ನನ್ನದೇ ವಯಸ್ಸು. "ಎಲ್ಲಿಯವನು ನೀನು? ಬೋರ್ಡ್ ಓದಲು ಬರುವುದಿಲ್ಲವಾ?"

"ತಪ್ಪಾಯಿತು. ಟೊಳ್ಳಿದೆಯಾ ಎಂದು ನೋಡಿದೆ."

"ಟೊಳ್ಳು?"

"ನಾನು ಟೈಲ್ಸ್ ಮುಅಲ್ಲಿಂ. ಸೌದಿಯಲ್ಲಿ."

ಅವನು ನನ್ನ ಕೈಗಳನ್ನು ನೋಡಿದ. ಟೈಲ್ಸಿನ ಸಂದಿಗೆ ತುಂಬುವ ಗ್ರೌಟ್ ತಿಂದು ಬಿರಿದ ಬೆರಳುಗಳು ಸುಳ್ಳು ಹೇಳುವುದಿಲ್ಲ. "ಮತ್ತೆ? ಟೊಳ್ಳಿದೆಯಾ?" ಎಂದ.

"ಇಲ್ಲ. ಗಟ್ಟಿ ಇದೆ."

"ಸಾವಿರದ ಐನೂರು ವರ್ಷವಾಯಿತು, ನೀನೊಬ್ಬ ಪಾಸು ಮಾಡುವುದು ಬಾಕಿ ಇತ್ತು ನೋಡು!" ಎಂದು ಜೋರಾಗಿ ನಕ್ಕ. ಆಮೇಲೆ ಪಕ್ಕದಲ್ಲೇ ಕುಕ್ಕರಿಸಿದ. ದಿನವೂ ಗೈಡುಗಳು ಹೇಳುವುದನ್ನೆಲ್ಲ ಕೇಳಿ ಅವನಿಗೆ ಬಾಯಿಪಾಠವಾಗಿತ್ತು. ಈ ನೆಲ ಹಾಕಿ ಅರವತ್ತು ಎಪ್ಪತ್ತು ವರ್ಷಕ್ಕೇ ಚರ್ಚನ್ನು ದೊಡ್ಡದು ಮಾಡಿದರಂತೆ. ಆಗ ಇದನ್ನು ಒಡೆಯಲಿಲ್ಲ, ಮೇಲೆ ಮಣ್ಣು ತುಂಬಿ, ಸೊಂಟದಷ್ಟು ಎತ್ತರದಲ್ಲಿ ಇನ್ನೊಂದು ನೆಲ ಹಾಕಿದರು. ಅದೂ ಕಲ್ಲಿನ ಚಿತ್ರದ ನೆಲವೇ. ಅಗೆದು ತೆಗೆದವರು ಮೇಲಿನದನ್ನೇ ನೆಲ ಎಂದುಕೊಂಡು ಎಷ್ಟೋ ವರ್ಷ ಇದ್ದರು. ರಿಪೇರಿಗೆಂದು ಅದನ್ನು ಎತ್ತಿದಾಗ ಕೆಳಗೆ ಇದು ಸಿಕ್ಕಿತು, ನಿನ್ನೆ ಹಾಕಿದ ಹಾಗೆ. ಮೇಲಿನದನ್ನು ಈಗ ಗೋಡೆಗೆ ತೂಗುಹಾಕಿದ್ದಾರೆ.

ನಾವೂ ಹಳೆಯ ನೆಲದ ಮೇಲೆ ಹೊಸದನ್ನು ಹಾಕುವುದುಂಟು. ಒಡೆಯಲು ಸೋಮಾರಿತನ, ಅಥವಾ ಮನೆಯವರಿಗೆ ಅವಸರ. ಕೆಳಗಿನದು ಹೇಗಿತ್ತು ಎಂದು ಆಮೇಲೆ ಯಾರೂ ಕೇಳುವುದಿಲ್ಲ.

"ಅಲ್ಲಿ ಬರಹ ಇದೆಯಲ್ಲ, ಏನು ಅದು?" ಎಂದು ಕೇಳಿದೆ. ಚಿತ್ರದ ಮೇಲೆ ಗ್ರೀಕ್ ಅಕ್ಷರಗಳ ಸಾಲುಗಳಿದ್ದವು.

"ಯಾವ ಬಿಷಪನ ಕಾಲ, ಯಾರು ಹಣ ಕೊಟ್ಟರು, ಅದೆಲ್ಲ. ಆದರೆ ನಿನ್ನ ವಿಷಯವೂ ಇದೆ," ಎಂದು ಬೆರಳು ತೋರಿಸಿದ. "ಇದನ್ನು ಮಾಡಿದ ಮುಅಲ್ಲಿಮರ ಹೆಸರು. ಮೂವರು. ಕರ್ತನೇ, ಈ ಕಲ್ಲು ಜೋಡಿಸಿದವರನ್ನೂ ಅವರ ಮನೆಯವರೆಲ್ಲರನ್ನೂ ನೆನಪಿನಲ್ಲಿಡು ಅಂತ."

"ಮನೆಯವರನ್ನೂ?"

"ಮನೆಯವರೆಲ್ಲರನ್ನೂ."

ನಾನು ಎಷ್ಟು ನೆಲ ಹಾಕಿದ್ದೇನೆ ಎಂದು ನನಗೇ ಗೊತ್ತಿಲ್ಲ. ಎಲ್ಲೂ ಹೆಸರು ಬರೆದಿಲ್ಲ, ಬರೆಯಬೇಕು ಎಂದು ಅನ್ನಿಸಿದ್ದೂ ಇಲ್ಲ. ಈ ಮೂವರೂ ನನ್ನ ಹಾಗೆ ಮೊಣಕಾಲು ಸವೆಸಿದವರು. ಸಂಜೆ ಮನೆಗೆ ಹೋದಾಗ ಅವರ ಬಟ್ಟೆಯ ಸುಣ್ಣದ ಧೂಳನ್ನು ಕೊಡವಿದವರು ಯಾರೋ ಇದ್ದಿರಬೇಕು. ನನ್ನವಳ ಬಗ್ಗೆ ಆ ಕಾವಲುಗಾರನಿಗೆ ಆಗ ಹೇಳಿದೆ. ಹೇಗೆ ಹೇಳಿದೆನೋ, ನನ್ನ ಅರಬಿ ಸಿಮೆಂಟು ಮರಳಿನ ಅರಬಿ. ವರ್ಷ, ಹೆಂಡತಿ, ಪೂಜೆ, ಶುಕ್ರವಾರ, ಇಷ್ಟೇ ಪದಗಳನ್ನು ಹಿಂದೆ ಮುಂದೆ ಮಾಡಿ ಹೇಳಿರಬೇಕು.

ಅವನು ಎದ್ದು ನಿಂತು, ಇಡೀ ಚರ್ಚಿಗೆ ಕೇಳುವಂತೆ, "ಯಾ ಅಬೂನಾ!" ಎಂದು ಕೂಗಿದ. ಅಬೂನಾ ಎಂದರೆ ಅಲ್ಲಿ ಪಾದ್ರಿ. ಬಾಗಿಲ ಬಳಿ ಹೋಗಿದ್ದ ಮುದುಕ ಬೆಚ್ಚಿ ತಿರುಗಿದ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಬಾ, ಬಾ, ಯಲ್ಲಾ!" ಎಂದು ಕಾವಲುಗಾರ ಕೈ ಬೀಸಿ ಕರೆದೇ ಕರೆದ.

ಪಾದ್ರಿ ಬಂದ. ಅವನ ಇಂಗ್ಲಿಷ್ ನನ್ನ ಇಂಗ್ಲಿಷಿನಷ್ಟೇ. ಪೂಜೆ ಮುಗಿಯಿತು, ಬಸ್ಸು ಕಾಯುತ್ತಿದೆ, ದಿನಕ್ಕೆ ಇನ್ನೊಂದು ಪೂಜೆ ಹೇಳುವಂತಿಲ್ಲ ಎಂದು ತಿಳಿಸಿದ. ಹೇಳುವಾಗ ಅವನಿಗೇ ಸಂಕಟವಾಗುತ್ತಿತ್ತು. ಆಮೇಲೆ ಗುಂಪಿನವರಿಗೆ ಅವರ ಭಾಷೆಯಲ್ಲಿ ಏನೋ ಹೇಳಿದ. ಅವರು ಹೊರಗೆ ಹೋಗುತ್ತಿದ್ದವರು ಒಬ್ಬೊಬ್ಬರಾಗಿ ಹಿಂದೆ ಬಂದು ಹಗ್ಗದ ಸುತ್ತ ನಿಂತರು. ಒಂದು ಪ್ರಾರ್ಥನೆ ಮಾಡೋಣ, ಹೆಸರು ಕೊಡು ಎಂದು ಕೈ ಚಾಚಿದ.

ಚೀಟಿ ಕೊಟ್ಟೆ. ಅವನು ಕನ್ನಡಕ ಹಾಕಿ, ಚೀಟಿಯನ್ನು ತಿರುಗಿಸಿ, ಮತ್ತೆ ನೇರ ಮಾಡಿ ನೋಡಿದ. ಊರಿನ ಚರ್ಚಿನ ಆಫೀಸಿಗೆ ಬರೆಯುವ ಹಾಗೆ ನಾನು ಕನ್ನಡದಲ್ಲಿ ಬರೆದಿದ್ದೆ. ಮುದುಕ ಚೀಟಿಯನ್ನು ನನಗೆ ಹಿಂದೆ ಕೊಟ್ಟು, "ನೀನೇ ಹೇಳು," ಎಂದ.

ಸೌದಿಯಲ್ಲಿ ಇದ್ದಷ್ಟು ಕಾಲ ನಾವು ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳಿದವರಲ್ಲ. ಪಕ್ಕದ ಮನೆಗೆ ಕೇಳಬಾರದು ಎಂದು ಅವಳು ಮಿಕ್ಸಿ ತಿರುಗಿಸುತ್ತಲೋ ನಲ್ಲಿ ಬಿಟ್ಟೋ ಜಪಸರ ಹೇಳುತ್ತಿದ್ದಳು. ಯಾರೂ ನಮಗೆ ತೊಂದರೆ ಕೊಟ್ಟದ್ದಿಲ್ಲ, ಆದರೂ ದನಿ ತಾನೇ ತಗ್ಗಿತ್ತು. ಈಗ ಇಪ್ಪತ್ತು ಮೂವತ್ತು ಅಪರಿಚಿತರು ನನ್ನ ಬಾಯಿ ನೋಡುತ್ತಿದ್ದರು. ಪಾದ್ರಿ ಶಿಲುಬೆಯ ಗುರುತು ಮಾಡಿ ಲ್ಯಾಟಿನಿನಲ್ಲೋ ಯಾವುದರಲ್ಲೋ ಶುರು ಮಾಡಿದ. ಒಂದು ಕಡೆ ನಿಲ್ಲಿಸಿ ನನ್ನ ಕಡೆ ತಲೆಯಾಡಿಸಿದ.

ಮೊದಲ ಸಲ ಬರೀ ಗಾಳಿ ಬಂತು. ಕಾವಲುಗಾರ ಪಕ್ಕದಿಂದ ಸಣ್ಣಗೆ, "ಹೇಳು ಮುಅಲ್ಲಿಂ," ಎಂದ. ಆಗ ಹೇಳಿದೆ. ಪೂರ್ತಿ ಹೆಸರು, ಮದುವೆಯ ದಿನ ಪಾದ್ರಿ ಹೇಳಿಕೊಟ್ಟಂತೆ ಹೇಳಿದ್ದೆನಲ್ಲ, ಹಾಗೆ. ನಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಹೊಸ ಮಾಡಿಗೆ ತಾಗಿ ಹಿಂದೆ ಬಂತು. ಜನರೆಲ್ಲ ಒಟ್ಟಿಗೆ ತಮ್ಮ ಭಾಷೆಯಲ್ಲಿ ಏನೋ ಉತ್ತರ ಕೊಟ್ಟರು. ಏನೆಂದು ತಿಳಿಯಲಿಲ್ಲ, ಕೇಳಲೂ ಇಲ್ಲ. ಒಬ್ಬ ಹೆಂಗಸು ಹೋಗುವಾಗ ನನ್ನ ತೋಳನ್ನು ಮುಟ್ಟಿ ಹೋದಳು. ಎರಡು ನಿಮಿಷದಲ್ಲಿ ಎಲ್ಲ ಮುಗಿದು, ಬಸ್ಸಿನ ಹಾರ್ನ್ ಕೇಳಿ, ಕೋಣೆ ಖಾಲಿಯಾಯಿತು.

ಗಡಿಯ ಕಡೆ ಇಳಿಯುವಾಗ ಮಗಳ ಫೋನ್ ಬಂತು. ಊರಿನಲ್ಲಿ ಬೆಳಿಗ್ಗೆಯೇ ಅವಳು ಹೋಗಿ ದಿನನಿತ್ಯದ ಪೂಜೆಯಲ್ಲಿ ಕುಳಿತು ಬಂದಿದ್ದಳು.

"ಪಪ್ಪ, ಅಲ್ಲಿ ಪೂಜೆ ಆಯ್ತಾ?"

ಆಯಿತು ಎಂದುಬಿಡೋಣ ಅನ್ನಿಸಿತು. "ಇಲ್ಲ," ಎಂದೆ. "ಶುಕ್ರವಾರ ಅಲ್ಲಿ ಪೂಜೆ ಇಲ್ಲ. ನನಗೆ ನೆನಪೇ ಆಗಲಿಲ್ಲ."

"ಓ ಪಪ್ಪ! ಜೋರ್ಡಾನ್‌ನಲ್ಲಿ ಸಂಡೇ ಅಲ್ವಾ?" ಎಂದು ನಗಲು ಹೊರಟವಳು ತಡೆದಳು. "ಹಾಗಾದ್ರೆ ಏನೂ ಆಗಲಿಲ್ವಾ?"

"ಒಂದು ಸಣ್ಣ ಪ್ರಾರ್ಥನೆ ಆಯಿತು. ಹೆಸರು ಹೇಳಿದೆ."

"ಯಾರು ಹೇಳಿದ್ದು? ಫಾದರಾ?"

"ನಾನೇ."

ಹಾಸ್ಟೆಲಿನ ಯಾವುದೋ ಬಾಗಿಲು ಬಡಿದದ್ದು ಕೇಳಿಸಿತು. "ಇಲ್ಲಿ ಇವತ್ತು ಹನ್ನೊಂದು ಹೆಸರು ಇತ್ತು," ಎಂದಳು. "ಫಾದರಿಗೆ ಅರ್ಜೆಂಟ್, ಎಲ್ಲ ಒಟ್ಟಿಗೆ ಓದಿಬಿಟ್ರು. ಮಮ್ಮಿದು ಯಾವಾಗ ಬಂತು, ಯಾವಾಗ ಹೋಯ್ತು ಗೊತ್ತೇ ಆಗ್ಲಿಲ್ಲ. ಪಪ್ಪ, ನೀವು ಹೇಗೆ ಹೇಳಿದ್ರಿ? ನನಗೆ ಒಂದ್ಸಲ ಹೇಳಿ."

ಗೆಳೆಯ ರೇಡಿಯೋ ಆರಿಸಿ, ಎಸಿಯ ಸದ್ದನ್ನೂ ಕಡಿಮೆ ಮಾಡಿದ. ನಾನು ಫೋನನ್ನು ಬಾಯಿಯ ಹತ್ತಿರ ಹಿಡಿದು ಹೇಳಿದೆ.